‘ಇನ್‌ಸೆನ್ಸ್ಟ್’: ಸಿಟ್ಟಿನ ಒಂದು ಇಂಗ್ಲಿಷ್ ಪದ, ಅದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಮಾನ್ವಿ, ಸಿರವಾರ, ದೇವದುರ್ಗದ ಕಡೆಯಿಂದ ಬಸ್ ಹಿಡಿದು ಬರುವ ಹುಡುಗ ಹುಡುಗಿಯರೇ ಜಾಸ್ತಿ. ಬಹಳ ಜನ ಬ್ಯಾಂಕ್, ಪೊಲೀಸ್, ಎಫ್‌ಡಿಎ ಪರೀಕ್ಷೆಗೆ ಓದುವವರು. ಇಂಗ್ಲಿಷ್ ಪೇಪರ್ ಓದಿಸುವಾಗ ಪ್ರತಿ ಬ್ಯಾಚಿನಲ್ಲೂ ಕೆಲವು ಪದಗಳ ಹತ್ತಿರ ಎಲ್ಲರೂ ನಿಂತುಬಿಡುತ್ತಾರೆ. ಅಂಥವುಗಳಲ್ಲಿ ಇದೊಂದು. ಅವರು ಕೇಳಿದ ಪ್ರಶ್ನೆಗಳನ್ನು ಉತ್ತರದ ಜೊತೆ ಇಲ್ಲಿ ಬರೆದಿಟ್ಟಿದ್ದೇನೆ. ಇಂಗ್ಲಿಷ್ ವಾಕ್ಯಗಳೂ ಕನ್ನಡ ಲಿಪಿಯಲ್ಲೇ ಇವೆ. ಬಾಯಿಬಿಟ್ಟು ಓದಿಕೊಳ್ಳಿ.

‘ಇನ್‌ಸೆನ್ಸ್ಟ್’ ಅಂದರೆ ಏನು?

ಕೆರಳಿದ, ವಿಪರೀತ ಸಿಟ್ಟಿಗೆದ್ದ ಎಂದು ಅರ್ಥ. ಮೂಲ ಕ್ರಿಯಾಪದ ‘ಇನ್‌ಸೆನ್ಸ್’. ಅದರ ಕಾಗುಣಿತ ಐ, ಎನ್, ಸಿ, ಇ, ಎನ್, ಎಸ್, ಇ. ಕೊನೆಗೆ ‘ಡಿ’ ಸೇರಿಸಿದರೆ ನಮ್ಮ ಪದ ಸಿಗುತ್ತದೆ.

ಬರೀ ‘ಜಾಸ್ತಿ ಸಿಟ್ಟು’ ಅಂತ ಬರೆದುಕೊಂಡರೆ ಅರ್ಧ ಅರ್ಥ ಮಾತ್ರ ಬಂದಂತೆ. ಯಾರೋ ಒಂದು ಕೆಲಸ ಮಾಡಿರಬೇಕು, ಒಂದು ಮಾತು ಆಡಿರಬೇಕು ಅಥವಾ ಒಂದು ತೀರ್ಮಾನ ತೆಗೆದುಕೊಂಡಿರಬೇಕು. ಅದು ಅನ್ಯಾಯ ಅಂತ ಅನ್ನಿಸಿ, ಒಳಗೆ ಬೆಂಕಿ ಹೊತ್ತಿಕೊಂಡಿರಬೇಕು. ಆಗ ಈ ಪದ.

ಊದಿನಕಡ್ಡಿಗೂ ಇದೇ ಪದ ಅಲ್ವಾ? ಎರಡಕ್ಕೂ ಏನು ಸಂಬಂಧ?

ಹೌದು, ಅದೇ ಪದ. ಅಕ್ಷರಕ್ಕೆ ಅಕ್ಷರ ಒಂದೇ. ಎಲ್ಲರೂ ಎಡವುವುದು ಇಲ್ಲೇ. ಒಂದು ಸಲ ಅನುವಾದಕ್ಕೆ ‘ದ ಸ್ಮೆಲ್ ಆಫ್ ಇನ್‌ಸೆನ್ಸ್ ಫಿಲ್ಡ್ ದ ರೂಮ್’ ಅಂತ ಕೊಟ್ಟಿದ್ದೆ. ಧೂಪದ ವಾಸನೆ ಕೋಣೆಯನ್ನೆಲ್ಲ ತುಂಬಿತು ಎಂದರ್ಥ. ಒಬ್ಬ ಹುಡುಗಿ ‘ಕೋಪದ ವಾಸನೆ ಕೋಣೆ ತುಂಬಿತು’ ಎಂದು ಬರೆದಳು. ತಪ್ಪು ತೋರಿಸಿದಾಗ ಅವಳು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಇಷ್ಟ: “ಮೇಡಂ, ವಾಸನೀಗೂ ಸಿಟ್ಟಿಗೂ ಏನ್ ಸಂಬಂಧ ರೀ?”

ಸಂಬಂಧ ಬೆಂಕಿಯದು. ಲ್ಯಾಟಿನ್ ಭಾಷೆಯಲ್ಲಿ ‘ಇನ್ಸೆಂಡೆರೆ’ ಅಂದರೆ ಬೆಂಕಿ ಹಚ್ಚು. ಅದರೊಳಗೆ ‘ಕ್ಯಾಂಡೆರೆ’ ಎಂಬ ಇನ್ನೊಂದು ಪದ ಇದೆ. ಅದಕ್ಕೆ ಹೊಳೆ, ಬೆಳಗು ಎಂಬ ಅರ್ಥ. ಬೆಂಕಿ ಹಚ್ಚಿ ಸುಟ್ಟ ಸುಗಂಧದ ವಸ್ತು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಇನ್‌ಸೆನ್ಸ್’ ಆಯಿತು. ಮನುಷ್ಯನ ಒಳಗೆ ಬೆಂಕಿ ಹಚ್ಚುವುದಕ್ಕೂ ಅದೇ ಹೆಸರು ಬಂತು.

ಇದನ್ನು ಕಣ್ಣಾರೆ ನೋಡಬೇಕಾದರೆ ಗುರುವಾರ ಸಂಜೆ ಬಜಾರಿಗೆ ಹೋಗಿ. ಲೋಬಾನ ಹಾಕುವವರು ಅಂಗಡಿಯಿಂದ ಅಂಗಡಿಗೆ ಬರುತ್ತಾರೆ. ಕೈಯಲ್ಲಿ ಸರಪಳಿ ಕಟ್ಟಿದ ಸಣ್ಣ ಪಾತ್ರೆ, ಒಳಗೆ ಇದ್ದಿಲ ಕೆಂಡ. ಕೆಂಡದ ಮೇಲೆ ಬೂದಿ ಕೂತು ಆರಿದಂತೆ ಕಾಣುತ್ತದೆ. ಅವರು ಒಂದು ಸಲ ಬೀಸುತ್ತಾರೆ. ಬೂದಿ ಹಾರಿ, ಒಳಗಿನ ಕೆಂಪು ಫಳ್ಳನೆ ಹೊಳೆಯುತ್ತದೆ. ಮೇಲೆ ಒಂದು ಚಿಟಿಕೆ ಲೋಬಾನ ಬಿದ್ದ ತಕ್ಷಣ ಹೊಗೆ ಏಳುತ್ತದೆ. ಆ ಹೊಗೆ ‘ಇನ್‌ಸೆನ್ಸ್’. ಬೀಸಿದಾಗ ಕೆಂಪಾದ ಆ ಕೆಂಡ ‘ಇನ್‌ಸೆನ್ಸ್ಟ್’. ನಾನು ತರಗತಿಯಲ್ಲಿ ಹೀಗೇ ಹೇಳುತ್ತೇನೆ, ಯಾರೂ ಮರೆಯುವುದಿಲ್ಲ.

ಒಂದು ಮಾತು ಜೊತೆಗೆ. ನಮ್ಮ ‘ಊದಿನಕಡ್ಡಿ’ಯ ‘ಊದು’ ಬಾಯಿಂದ ಗಾಳಿ ಊದುವುದಲ್ಲ. ಅರಬ್ಬಿಯಲ್ಲಿ ‘ಊದ್’ ಅಂದರೆ ಕಟ್ಟಿಗೆ, ಸುಗಂಧದ ಅಗರು ಮರಕ್ಕೂ ಅದೇ ಹೆಸರು. ‘ಲೋಬಾನ’ ಕೂಡ ಅರಬ್ಬಿಯ ‘ಲುಬಾನ್’ನಿಂದ ಬಂದದ್ದು. ಮುದಗಲ್ಲಿನ ಮೊಹರಂನಲ್ಲಿ, ನಮ್ಮ ಹಳ್ಳಿಗಳ ಅಲಾಯಿ ದೇವರ ಮುಂದೆ ಎಲ್ಲ ಜಾತಿಯವರೂ ಊದು ಹಾಕುತ್ತಾರೆ. ಪದ ಎಲ್ಲಿಂದ ಬಂತು ಅಂತ ಯಾರೂ ಕೇಳಿದವರಲ್ಲ, ಅಷ್ಟು ನಮ್ಮದಾಗಿದೆ.

ಅದೇ ಬೇರಿನಿಂದ ಬಂದ ಬೇರೆ ಪದಗಳು ಇವೆಯಾ?

ಇವೆ, ನಿಮಗೆ ಗೊತ್ತಿರುವವೇ. ‘ಕ್ಯಾಂಡಲ್’ ಮೇಣದಬತ್ತಿ. ‘ಶಾಂಡೆಲಿಯರ್’ ತೂಗುದೀಪ. ‘ಇನ್‌ಕ್ಯಾಂಡೆಸೆಂಟ್ ಬಲ್ಬ್’ ಅಂದರೆ ತಂತಿ ಕಾದು ಬೆಳಗುವ ಹಳೆಯ ಬಲ್ಬು. ‘ಇನ್ಸೆಂಡಿಯರಿ’ ಅಂದರೆ ಬೆಂಕಿ ಹಚ್ಚುವಂಥದ್ದು. ಬೆಂಕಿ ಹಚ್ಚುವ ಭಾಷಣಕ್ಕೂ ಅದೇ ಪದ. ‘ಕ್ಯಾಂಡಿಡೇಟ್’ ಕೂಡ ಇದೇ ಮನೆಯದು. ಹಳೆಯ ರೋಮಿನಲ್ಲಿ ಅಧಿಕಾರಕ್ಕೆ ನಿಲ್ಲುವವರು ಸುಣ್ಣದ ಪುಡಿ ಹಚ್ಚಿ ಬೆಳ್ಳಗೆ ಹೊಳೆಯುವ ಬಟ್ಟೆ ಹಾಕಿಕೊಳ್ಳುತ್ತಿದ್ದರು.

ಸಂಸ್ಕೃತದ ‘ಚಂದ್ರ’ ಪದವನ್ನೂ ಭಾಷೆಯ ವಿದ್ವಾಂಸರು ಇದೇ ಬೇರಿಗೆ ಸೇರಿಸುತ್ತಾರೆ. ಅಲ್ಲೂ ಹೊಳೆಯುವ ಅರ್ಥವೇ.

ಹೇಗೆ ಉಚ್ಚರಿಸಬೇಕು?

ಎರಡು ವಿಷಯ ಗಮನಿಸಿ. ಧೂಪ ಎಂಬ ಅರ್ಥದಲ್ಲಿ ಒತ್ತು ಮೊದಲಿನ ‘ಇನ್’ ಮೇಲೆ. ಕೆರಳಿಸು ಎಂಬ ಅರ್ಥದಲ್ಲಿ ಒತ್ತು ಎರಡನೆಯ ‘ಸೆನ್ಸ್’ ಮೇಲೆ. ಕನ್ನಡದಲ್ಲಿ ನಾವು ಎಲ್ಲ ಅಕ್ಷರಗಳನ್ನೂ ಸಮನಾಗಿ ಹೇಳುತ್ತೇವೆ, ಹೀಗಾಗಿ ಈ ವ್ಯತ್ಯಾಸ ನಮ್ಮ ಕಿವಿಗೆ ಬೇಗ ಹತ್ತುವುದಿಲ್ಲ. ಟೇಬಲ್ ಮೇಲೆ ಕೈ ತಟ್ಟಿಕೊಂಡು ಹೇಳಿ. ಒತ್ತು ಬರುವಲ್ಲಿ ಜೋರಾಗಿ ತಟ್ಟಿ. ‘ರೆಕಾರ್ಡ್’, ‘ಪ್ರೆಸೆಂಟ್’, ‘ಆಬ್ಜೆಕ್ಟ್’ ಪದಗಳಲ್ಲೂ ಇದೇ ಲೆಕ್ಕ: ಹೆಸರಾದರೆ ಮೊದಲು ಒತ್ತು, ಕ್ರಿಯೆಯಾದರೆ ಆಮೇಲೆ.

ಎರಡನೆಯದು ಕೊನೆಯ ಶಬ್ದ. ಬರೆಯುವುದು ‘ಡಿ’, ಕೇಳುವುದು ‘ಟ್’. ‘ವಾಷ್ಡ್’ ಅನ್ನದೆ ‘ವಾಷ್ಟ್’ ಅನ್ನುತ್ತಾರಲ್ಲ, ಹಾಗೆ. ಅದಕ್ಕೇ ‘ಇನ್‌ಸೆನ್ಸ್ಟ್’ ಅಂತ ಬರೆದಿದ್ದೇನೆ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಯಾವುದು? ಕೋಪ, ಸಿಟ್ಟು, ರೋಷ?

ನನ್ನ ಪ್ರಕಾರ ‘ಕೆರಳು’. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರ ಸಿಕ್ಕರೆ ಇಂಗ್ಲಿಷ್ ಪದ ತಾನಾಗಿಯೇ ಬಾಯಿಗೆ ಬರುತ್ತದೆ.

ಹಾವು ಕೆರಳುತ್ತದೆ. ವಾಸಿಯಾಗುತ್ತಿದ್ದ ಗಾಯ ಕೆರಳುತ್ತದೆ. ಎರಡೂ ಅಲ್ಲಿಯವರೆಗೆ ಸುಮ್ನೆ ಇದ್ದವು. ಯಾರೋ ಕೆಣಕಿದರು, ಕೆರಳಿತು. ‘ಇನ್‌ಸೆನ್ಸ್’ ಪದದ ಜೀವ ಇರುವುದೂ ಅಲ್ಲೇ: ಸುಮ್ಮನಿದ್ದವರನ್ನು ಹೊರಗಿನಿಂದ ಯಾರೋ ಹೊತ್ತಿಸಬೇಕು. ‘ಕೆರಳಿ ಕೆಂಡವಾದ’ ಅನ್ನುತ್ತೇವಲ್ಲ, ಅದರಲ್ಲಿ ಕೆಣಕಿದ್ದೂ ಇದೆ, ಬೆಂಕಿಯೂ ಇದೆ. ಲ್ಯಾಟಿನ್ ಗೊತ್ತಿಲ್ಲದೆಯೇ ನಮ್ಮ ಹಿರಿಯರು ಅದೇ ಚಿತ್ರ ಕಟ್ಟಿಟ್ಟಿದ್ದಾರೆ.

‘ಮುನಿಸು’ ಸರಿಹೋಗುವುದಿಲ್ಲ. ಮುನಿಸು ನಮ್ಮವರ ಮೇಲೆ ಬರುವಂಥದ್ದು, ಅದರಲ್ಲಿ ಪ್ರೀತಿಯ ಎಳೆ ಇದೆ. ‘ಸಿಡುಕು’ ಒಬ್ಬರ ಸ್ವಭಾವ, ಅದಕ್ಕೆ ಕಾರಣವೇ ಬೇಕಿಲ್ಲ. ‘ರೇಗು’ ಸಣ್ಣದಕ್ಕೂ ಆಗುತ್ತದೆ. ‘ಹೊಟ್ಟೆಉರಿ’ಯಲ್ಲಿ ಬೆಂಕಿ ಇದೆ, ಆದರೆ ಅದು ಬೇರೆಯವರ ಏಳಿಗೆ ನೋಡಿ ಹತ್ತುವ ಬೆಂಕಿ. ‘ಸಿಟ್ಟು’ ನಮ್ಮ ಕಡೆ ಎಲ್ಲದಕ್ಕೂ ಒದಗುವ ಪದ, ಇಂಗ್ಲಿಷಿನ ‘ಆಂಗರ್’ ಇದ್ದಂತೆ. ಅಂದಹಾಗೆ ‘ಆಂಗರ್’ ಬಂದದ್ದು ಹಳೆಯ ನಾರ್ಸ್ ಭಾಷೆಯಿಂದ. ಅಲ್ಲಿ ಅದಕ್ಕೆ ದುಃಖ, ಸಂಕಟ ಎಂಬ ಅರ್ಥ ಇತ್ತು. ಸಿಟ್ಟು ಮಾಡಿಕೊಂಡವರ ಮುಖವನ್ನು ಸರಿಯಾಗಿ ನೋಡಿದವರಿಗೆ ಇದು ಆಶ್ಚರ್ಯ ಅನ್ನಿಸಲಿಕ್ಕಿಲ್ಲ.

ಇನ್ನು ‘ಆಕ್ರೋಶ’. ಕನ್ನಡ ಪತ್ರಿಕೆಗಳಲ್ಲಿ ‘ರೈತರ ಆಕ್ರೋಶ’, ‘ಗ್ರಾಮಸ್ಥರ ಆಕ್ರೋಶ’ ದಿನಾ ಕಾಣುತ್ತವೆ. ಇಂಗ್ಲಿಷ್ ಪತ್ರಿಕೆಯವರು ‘ಇನ್‌ಸೆನ್ಸ್ಟ್’ ಬರೆಯುವುದೂ ಇಂಥ ಜಾಗದಲ್ಲೇ. ಆದರೆ ಆಕ್ರೋಶದಲ್ಲಿ ಕೂಗು ಇದೆ, ಆ ಪದದ ಮೂಲವೇ ಕೂಗುವುದು. ಇನ್‌ಸೆನ್ಸ್ಟ್ ಆದವರು ಕೂಗಲೇಬೇಕು ಅಂತೇನಿಲ್ಲ. ಹಲ್ಲು ಕಚ್ಚಿ ಸುಮ್ಮನೆ ಕೂತವರೂ ಇನ್‌ಸೆನ್ಸ್ಟ್ ಆಗಿರಬಹುದು.

‘ಆಂಗ್ರಿ’ ಅಂದರೆ ಸಾಕಲ್ವಾ? ಇದನ್ನು ಎಲ್ಲಿ ಬಳಸಬೇಕು?

ದಿನದ ಮಾತಿಗೆ ‘ಆಂಗ್ರಿ’ ಸಾಕು. ನೂರಕ್ಕೆ ತೊಂಬತ್ತು ಸಲ ಅದೇ ಸರಿ. ‘ಇನ್‌ಸೆನ್ಸ್ಟ್’ ಸ್ವಲ್ಪ ಗಂಭೀರ ಪದ. ವರದಿ, ಸುದ್ದಿ, ಪ್ರಬಂಧದಲ್ಲಿ ಚೆನ್ನಾಗಿ ಕೂರುತ್ತದೆ.

ನಮ್ಮ ಊರಿನ ಉದಾಹರಣೆ ಕೊಡುತ್ತೇನೆ. ರಾಯಚೂರಿನ ಬಿಸಿಲು ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬೇಜಾರಾಗುತ್ತದೆ, ತಲೆ ಸಿಡಿಯುತ್ತದೆ. ಆದರೆ ‘ಐ ಆಮ್ ಇನ್‌ಸೆನ್ಸ್ಟ್ ಬೈ ದ ಹೀಟ್’ ಅನ್ನಬೇಡಿ. ಬಿಸಿಲು ಯಾರ ತಪ್ಪೂ ಅಲ್ಲ.

ಅದೇ ಬಿಸಿಲಲ್ಲಿ ಮಧ್ಯಾಹ್ನ ಕರೆಂಟ್ ಹೋಯಿತು ಅಂತಿಟ್ಟುಕೊಳ್ಳಿ. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇದೆ. 1985ರಿಂದ ಅಲ್ಲಿ ಕರೆಂಟ್ ತಯಾರಾಗಿ ರಾಜ್ಯಕ್ಕೆಲ್ಲ ಹೋಗುತ್ತಿದೆ. ಹಾರುಬೂದಿ ನಮಗೆ, ಫ್ಯಾನ್ ತಿರುಗುವುದು ಬೇರೆಯವರಿಗಾ ಅಂತ ಜನ ಕೇಳುತ್ತಾರೆ. ಈ ಸಿಟ್ಟಿನಲ್ಲಿ ನ್ಯಾಯದ ಪ್ರಶ್ನೆ ಇದೆ. ಇಲ್ಲಿ ಧೈರ್ಯವಾಗಿ ಬರೆಯಿರಿ: ‘ರೆಸಿಡೆಂಟ್ಸ್ ವರ್ ಇನ್‌ಸೆನ್ಸ್ಟ್ ಓವರ್ ದ ಪವರ್ ಕಟ್ಸ್.’

ಇನ್ನೊಂದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರು. ಭತ್ತ ಹಾಲುಗಟ್ಟುವ ಹೊತ್ತಿಗೆ ನೀರು ಬರುವುದಿಲ್ಲ. ಮಳೆಯೇ ಇಲ್ಲದ ವರ್ಷ ಆದರೆ ಅವರು ‘ವರೀಡ್’, ‘ಡಿಸ್ಟ್ರೆಸ್ಡ್’, ಅಂದರೆ ಚಿಂತೆಯಲ್ಲಿ, ಸಂಕಟದಲ್ಲಿ ಇರುವವರು. ಕಾಲುವೆಯ ಮೇಲ್ಭಾಗದಲ್ಲಿ ಪಂಪ್ ಇಟ್ಟು ಅಕ್ರಮವಾಗಿ ನೀರು ಎತ್ತಿದ್ದರಿಂದ ತಮ್ಮ ಗದ್ದೆ ಒಣಗಿತು ಅಂತ ಗೊತ್ತಾದಾಗ ‘ಇನ್‌ಸೆನ್ಸ್ಟ್’. ಒಣಗಿದ ಗದ್ದೆ ಒಂದೇ. ಪದ ಬದಲಾಗುವುದು ಕಾರಣದಿಂದ.

2024ರಲ್ಲಿ ತುಂಗಭದ್ರಾ ಡ್ಯಾಮಿನ ಗೇಟ್ ಕೊಚ್ಚಿಹೋದಾಗ ಜನ ‘ಇನ್‌ಸೆನ್ಸ್ಟ್’ ಆಗಿದ್ದರು ಅನ್ನಬಹುದಾ?

ಆ ರಾತ್ರಿಯ ಮಟ್ಟಿಗೆ ಬೇಡ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರ ಎದೆಯಲ್ಲಿ ಮೊದಲು ಬಂದದ್ದು ದಿಗಿಲು. ತುಂಬಿದ ಡ್ಯಾಮ್ ಖಾಲಿಯಾದರೆ ಬೆಳೆ ಏನು ಅನ್ನುವ ದಿಗಿಲು. ಅದಕ್ಕೆ ‘ಅಲಾರ್ಮ್ಡ್’ ಸರಿ. ನಿರ್ವಹಣೆ ಯಾಕೆ ಸರಿಯಾಗಿ ಆಗಲಿಲ್ಲ ಎಂದು ಮರುದಿನ ಕೇಳಿದವರ ಬಗ್ಗೆ ಬರೆಯುವಾಗ ‘ಇನ್‌ಸೆನ್ಸ್ಟ್’ ಬರಬಹುದು.

ಏಮ್ಸ್ ಹೋರಾಟದ ಬಗ್ಗೆ ಬರೆಯುವಾಗ?

ರಾಯಚೂರಿಗೆ ಏಮ್ಸ್ ಬೇಕು ಎಂದು 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಅಷ್ಟು ದಿನ ಕೂತವರ ಮನಸ್ಸನ್ನು ಈ ಪದ ಹಿಡಿಯುವುದಿಲ್ಲ. ಇನ್‌ಸೆನ್ಸ್ಟ್ ಅಂದರೆ ಬೀಸಿದಾಗ ಕೆಂಪಾಗುವ ಕ್ಷಣ. ದಿನಾ ಬೆಳಗ್ಗೆ ಬಂದು ಶಾಮಿಯಾನದ ಕೆಳಗೆ ಕೂರುವುದಕ್ಕೆ ‘ಡಿಟರ್ಮಿನ್ಡ್’, ‘ಸ್ಟೆಡ್‌ಫಾಸ್ಟ್’ ಪದಗಳು ಬೇಕು, ಅಂದರೆ ಪಟ್ಟು ಬಿಡದ, ಕದಲದ. ಆ ಹೋರಾಟಕ್ಕೆ ಅಷ್ಟಾದರೂ ಸರಿಯಾದ ಪದ ಸಲ್ಲಬೇಕು.

ಇದರ ಮುಂದೆ ‘ಅಟ್’ ಹಾಕಬೇಕಾ, ‘ಬೈ’, ‘ವಿತ್’, ‘ಓವರ್’ ಹಾಕಬೇಕಾ?

ಕಾರಣ ಹೇಳುವಾಗ ‘ಬೈ’ ಅಥವಾ ‘ಅಟ್’. ‘ಶಿ ವಾಸ್ ಇನ್‌ಸೆನ್ಸ್ಟ್ ಬೈ ದ ರಿಮಾರ್ಕ್’, ಆ ಮಾತಿನಿಂದ ಅವಳು ಕೆರಳಿದಳು. ವಿವಾದದ ವಿಷಯವಾದರೆ ‘ಓವರ್’ ಕೂಡ ಬರುತ್ತದೆ. ಇಡೀ ಸಂಗತಿ ಹೇಳಬೇಕಾದರೆ ‘ದ್ಯಾಟ್’: ‘ದೆ ವರ್ ಇನ್‌ಸೆನ್ಸ್ಟ್ ದ್ಯಾಟ್ ನೋಬಡಿ ಹ್ಯಾಡ್ ಟೋಲ್ಡ್ ದೆಮ್’, ತಮಗೆ ಯಾರೂ ಹೇಳಲೇ ಇಲ್ಲವಲ್ಲ ಎಂದು ಅವರು ಕೆರಳಿದರು. ‘ವಿತ್’ ಅಪರೂಪ. ‘ಆಂಗ್ರಿ ವಿತ್’ ಅಭ್ಯಾಸದಿಂದ ಕೈ ಅದನ್ನೇ ಬರೆಯಲು ಹೋಗುತ್ತದೆ, ತಡೆಯಿರಿ.

ನೇರವಾಗಿಯೂ ಬಳಸಬಹುದು. ‘ವಾಟ್ ಇನ್‌ಸೆನ್ಸ್ಟ್ ಹರ್ ಮೋಸ್ಟ್ ವಾಸ್ ದ ಲೈ’, ಅವಳನ್ನು ಎಲ್ಲಕ್ಕಿಂತ ಜಾಸ್ತಿ ಕೆರಳಿಸಿದ್ದು ಆ ಸುಳ್ಳು.

‘ವೆರಿ ಇನ್‌ಸೆನ್ಸ್ಟ್’ ಅನ್ನಬಹುದಾ? ‘ಐ ಆಮ್ ಇನ್‌ಸೆನ್ಸಿಂಗ್’ ಸರಿಯಾ?

‘ವೆರಿ’ ಬೇಡ, ಪದದೊಳಗೇ ಅದು ಇದೆ. ‘ಕೆಂಡಾಮಂಡಲ’ಕ್ಕೆ ಮುಂದೆ ‘ತುಂಬಾ’ ಸೇರಿಸುತ್ತೇವಾ? ಒತ್ತಿ ಹೇಳಲೇಬೇಕಾದರೆ ‘ಅಬ್ಸಲ್ಯೂಟ್ಲಿ’ ಹಾಕಿ. ‘ಐ ಆಮ್ ಇನ್‌ಸೆನ್ಸಿಂಗ್’ ತಪ್ಪು. ಅದಕ್ಕೆ ನಾನು ಬೇರೆಯವರನ್ನು ಕೆರಳಿಸುತ್ತಿದ್ದೇನೆ ಎಂಬ ಅರ್ಥ ಬಂದುಬಿಡುತ್ತದೆ.

ದೂರು ಅರ್ಜಿಯಲ್ಲಿ ‘ಐ ಆಮ್ ಇನ್‌ಸೆನ್ಸ್ಟ್’ ಎಂದು ಬರೆಯಬಹುದಾ?

ವ್ಯಾಕರಣ ಸರಿ ಇದೆ. ಆದರೆ ಬರೆಯಬೇಡಿ. ಇದನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ.

ಬಹಳ ವರ್ಷಗಳ ಹಿಂದೆ ಅಮ್ಮನ ಆರೈಕೆಗೆ ಅಂತ ಮೂರು ತಿಂಗಳು ಮನೆಗೆ ಬೀಗ ಹಾಕಿ ಹೋಗಿದ್ದೆ. ವಾಪಸ್ ಬಂದಾಗ ಬಾಗಿಲ ಸಂದಿಯಲ್ಲಿ ನೀರಿನ ಬಿಲ್ ಸಿಕ್ಕಿಸಿದ್ದರು. ಮನೆ ತುಂಬ ಜನ ಇದ್ದಾಗಲೂ ಅಷ್ಟು ಬಂದಿರಲಿಲ್ಲ. ಕೂತು ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. ಮೊದಲ ಸಾಲೇ ‘ಐ ಆಮ್ ಇನ್‌ಸೆನ್ಸ್ಟ್ ಅಟ್ ಯುವರ್ ಕೇರ್‌ಲೆಸ್‌ನೆಸ್’. ಕಚೇರಿಯಲ್ಲಿದ್ದವರು ಆ ಸಾಲು ಓದಿ ಕಾಗದವನ್ನು ಹಾಗೇ ಪಕ್ಕಕ್ಕೆ ಇಟ್ಟರು. ಎರಡು ತಿಂಗಳು ಏನೂ ಆಗಲಿಲ್ಲ. ಆಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟೆ: ಈ ತಾರೀಕಿನಿಂದ ಈ ತಾರೀಕಿನವರೆಗೆ ಮನೆಗೆ ಬೀಗ ಇತ್ತು, ಮೀಟರ್ ಈಗ ಇಷ್ಟು ತೋರಿಸುತ್ತಿದೆ, ದಯವಿಟ್ಟು ಬಂದು ನೋಡಿ. ಅದೇ ವಾರ ಒಬ್ಬರು ಬಂದು ಮೀಟರ್ ನೋಡಿದರು. ಬಿಲ್ ಸರಿಯಾಯಿತು.

ನನ್ನ ಸಿಟ್ಟು ಸುಳ್ಳಾಗಿರಲಿಲ್ಲ. ಆದರೆ ಈ ಪದ ಬೇರೆಯವರ ಸಿಟ್ಟನ್ನು ಬಣ್ಣಿಸಲು ಒಳ್ಳೆಯದು. ನಮ್ಮ ಸಿಟ್ಟನ್ನು ಎದುರಿನವರ ಮುಂದೆ ಇಡುವಾಗ ಅದು ಕೆಂಡವನ್ನು ಅವರ ಕೈಗೆ ಕೊಟ್ಟಂತೆ ಆಗುತ್ತದೆ. ಅರ್ಜಿಗೆ ‘ಐ ಆಮ್ ಡಿಸಪಾಯಿಂಟೆಡ್’ ಅಥವಾ ‘ಐ ವಿಶ್ ಟು ಕಂಪ್ಲೇನ್’ ಸಾಕು. ಉಳಿದದ್ದನ್ನು ತಾರೀಕು, ಅಂಕಿಗಳೇ ಹೇಳುತ್ತವೆ.

‘ಫ್ಯೂರಿಯಸ್’, ‘ಲಿವಿಡ್’, ‘ಇಂಡಿಗ್ನಂಟ್’ ಇವಕ್ಕೂ ಇದಕ್ಕೂ ಏನು ವ್ಯತ್ಯಾಸ?

‘ಫ್ಯೂರಿಯಸ್’ ಕೂಡ ವಿಪರೀತ ಸಿಟ್ಟೇ, ಆದರೆ ಕಾರಣ ನ್ಯಾಯದ್ದೇ ಆಗಬೇಕಿಲ್ಲ. ಮಗ ಮೊಬೈಲ್ ಒಡೆದರೂ ಅಪ್ಪ ಫ್ಯೂರಿಯಸ್ ಆಗಬಹುದು. ಮಾತಿನಲ್ಲೂ ಸಲೀಸಾಗಿ ಬರುತ್ತದೆ. ‘ಲಿವಿಡ್’ ಮೂಲದಲ್ಲಿ ಬಣ್ಣದ ಹೆಸರು: ಪೆಟ್ಟು ಬಿದ್ದು ನೀಲಿಗಟ್ಟಿದ ಚರ್ಮದ ಬಣ್ಣ. ಸಿಟ್ಟಿಗೆ ಮುಖ ಕೆಂಪಗಾಗುತ್ತದೆ ಅಂತ ನಾವು ಅಂದರೆ, ಈ ಪದದಲ್ಲಿ ಮುಖ ಬಿಳಚಿ ನೀಲಿಯಾಗುತ್ತದೆ. ‘ಇಂಡಿಗ್ನಂಟ್’ ನಮ್ಮ ಪದಕ್ಕೆ ತೀರ ಹತ್ತಿರದ ನಂಟು. ‘ಹೀಗೆ ನಡೆಸಿಕೊಳ್ಳುವುದು ಯೋಗ್ಯವಲ್ಲ’ ಎಂಬ ಭಾವ ಅದರ ಲ್ಯಾಟಿನ್ ಮೂಲದಲ್ಲೇ ಇದೆ. ಅಲ್ಲಿ ಮರ್ಯಾದೆಗೆ ಬಿದ್ದ ಪೆಟ್ಟು ಮುಂದೆ, ಬೆಂಕಿ ಹಿಂದೆ. ‘ಇನ್‌ಸೆನ್ಸ್ಟ್’ನಲ್ಲಿ ಬೆಂಕಿಯೇ ಮುಂದೆ.

ಆಶಾ ಕಾರ್ಯಕರ್ತೆಯರಿಗೆ ಕೊಡುವ ‘ಇನ್ಸೆಂಟಿವ್’, ‘ನಾನ್‌ಸೆನ್ಸ್’ ಇವು ಇದಕ್ಕೆ ಸಂಬಂಧಪಟ್ಟವಾ?

ಎರಡೂ ಅಲ್ಲ. ‘ಇನ್ಸೆಂಟಿವ್’ ಲ್ಯಾಟಿನ್ನಿನ ಹಾಡು ಎಂಬ ಬೇರಿನದು. ಹಾಡಿಗೆ ಶ್ರುತಿ ಹಿಡಿದುಕೊಡುವುದು ಎಂಬಲ್ಲಿಂದ ಹುರಿದುಂಬಿಸುವುದಕ್ಕೆ ಬಂತು. ‘ನಾನ್‌ಸೆನ್ಸ್’ ಬುದ್ಧಿ ಎಂಬ ಅರ್ಥದ ‘ಸೆನ್ಸ್’ ಪದದ್ದು, ಅದರ ಕಾಗುಣಿತದಲ್ಲಿ ‘ಸಿ’ ಇಲ್ಲ, ‘ಎಸ್’ ಇದೆ. ‘ಇನ್‌ಸೆನ್ಸ್’ ಕೇಳಿ ‘ಬುದ್ಧಿ ಇಲ್ಲದವ’ ಎಂದು ಅರ್ಥ ಬರೆದವರು ಪ್ರತಿ ಬ್ಯಾಚಿನಲ್ಲೂ ಇಬ್ಬರು ಮೂವರು ಇರುತ್ತಾರೆ.

ಪರೀಕ್ಷೆಯಲ್ಲಿ ವಿರುದ್ಧ ಪದ ಕೇಳಿದರೆ?

‘ಪ್ಲಕೇಟೆಡ್’, ‘ಪ್ಯಾಸಿಫೈಡ್’, ‘ಅಪೀಸ್ಡ್’. ಮೂರಕ್ಕೂ ಸಮಾಧಾನಗೊಂಡ ಎಂಬ ಅರ್ಥ. ಸಮಾನ ಪದ ಕೇಳಿದರೆ ‘ಎನ್‌ರೇಜ್ಡ್’, ‘ಇನ್‌ಫ್ಯೂರಿಯೇಟೆಡ್’. ಆಯ್ಕೆಯಲ್ಲಿ ‘ಪರ್‌ಫ್ಯೂಮ್ಡ್’ ಕೂಡ ಕಂಡರೆ ವಾಕ್ಯವನ್ನು ಇನ್ನೊಂದು ಸಲ ಓದಿ. ಧೂಪ ಹಾಕು ಎಂಬ ಅರ್ಥದಲ್ಲೂ ಈ ಕ್ರಿಯಾಪದ ಇದೆ, ಚರ್ಚಿನ ವಿಧಿಗಳನ್ನು ಬಣ್ಣಿಸುವಾಗ ಬರುತ್ತದೆ.

ಕೊನೆಯದಾಗಿ: ‘ಆನ್ ಇನ್‌ಸೆನ್ಸ್’, ‘ಟೂ ಇನ್‌ಸೆನ್ಸಸ್’ ಅನ್ನಬಹುದಾ?

ಇಲ್ಲ. ಧೂಪ ಎಂಬ ಅರ್ಥದಲ್ಲಿ ಅದು ಎಣಿಸುವ ಪದವಲ್ಲ, ಹೊಗೆಯನ್ನು ಎಣಿಸಲಾಗದ ಹಾಗೆ. ಅಂಗಡಿಯಲ್ಲಿ ಕೇಳುವುದಾದರೆ ‘ಎ ಪ್ಯಾಕೆಟ್ ಆಫ್ ಇನ್‌ಸೆನ್ಸ್ ಸ್ಟಿಕ್ಸ್’. ನಮ್ಮ ಬಜಾರಿನಲ್ಲಿ “ಒಂದು ಊದಿನಕಡ್ಡಿ ಪಾಕೀಟ ಕೊಡ್ರಿ” ಅಂದರೆ ಸಾಕು.